ಹದಿನೇಳಕ್ಕೆ ಅಲ್ಲ, ಹತ್ತಕ್ಕೆ ಹೋಗಿ

ಈ ವರ್ಷದ ಜಪಾನ್ ಎಕ್ಸ್‌ಚೇಂಜ್ ಲಿಸ್ಟ್ ನೋಟಿಸ್ ಬೋರ್ಡ್ ಮೇಲೆ ಬಿದ್ದ ದಿನದಿಂದ ನಮಗೆ ಕ್ಯಾಂಟೀನಿನಲ್ಲಿ ನೆಮ್ಮದಿಯಾಗಿ ಒಂದು ಟೀ ಕುಡಿಯೋಕೆ ಆಗ್ತಿಲ್ಲ. ಹೋದ ಸಲ ಹೋಗಿ ಬಂದ ನಾಲ್ವರು ನಾವೇ ಅಂತ ಎಲ್ಲರಿಗೂ ಗೊತ್ತು. ಬಂದವರೆಲ್ಲ ಕೇಳೋದು ಒಂದೇ. ಕ್ಯೋಟೋದ ಗಿಯೋನ್ ಮತ್ಸುರಿ ಮೆರವಣಿಗೆ ಜುಲೈ 17ಕ್ಕೆ ಅಲ್ವಾ, ಸೀಟ್ ಎಲ್ಲಿ ಬುಕ್ ಮಾಡೋದು? ಯಾವ ಕಾರ್ನರ್‌ನಲ್ಲಿ ನಿಂತ್ರೆ ವಿಡಿಯೋ ಚೆನ್ನಾಗಿ ಬರುತ್ತೆ?

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೀತಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: 17ನೇ ತಾರೀಖು ತಪ್ಪಿದ್ರೂ ಪರವಾಗಿಲ್ಲ, 10ನೇ ತಾರೀಖು ತಪ್ಪಿಸ್ಕೋಬೇಡಿ. ಸೀಟ್ ಬುಕ್ ಮಾಡೋ ದುಡ್ಡಲ್ಲಿ ಒಂದು ಜೊತೆ ಕೈಗವಸು ತಗೊಳ್ಳಿ. ಯಾಕೆ ಅಂತ ಕೊನೆವರೆಗೂ ಓದಿದ್ರೆ ಗೊತ್ತಾಗುತ್ತೆ.

ಮೊದಲು ಹಬ್ಬ ಏನು ಅಂತ. ನಾವು ಹೋಗುವಾಗ ನಮಗೂ ಗೊತ್ತಿರಲಿಲ್ಲ. ಒಂದು ದಿನದ ದೊಡ್ಡ ಮೆರವಣಿಗೆ ಅಂದ್ಕೊಂಡಿದ್ವಿ. ಅದು ಯಾಸಾಕಾ ಅನ್ನೋ ದೇಗುಲದ ಹಬ್ಬ, ಜುಲೈ 1ರಿಂದ 31ರವರೆಗೆ ಪೂರ್ತಿ ಒಂದು ತಿಂಗಳು ನಡೆಯುತ್ತೆ. 869ರಲ್ಲಿ ಊರಿಗೆಲ್ಲ ಸಾಂಕ್ರಾಮಿಕ ರೋಗ ಬಡಿದಾಗ, ಆಗಿನ ಪ್ರಾಂತ್ಯಗಳ ಲೆಕ್ಕಕ್ಕೆ 66 ಈಟಿಗಳನ್ನು ನಿಲ್ಲಿಸಿ ಪೂಜೆ ಮಾಡಿದ್ದು ಇದರ ಮೂಲ ಅಂತಾರೆ. ಆ ಈಟಿಯೇ ಬೆಳೀತಾ ಬೆಳೀತಾ ಇವತ್ತಿನ ತೇರು ಆಗಿದೆ. ತೇರಿಗೆ ಅಲ್ಲಿ ‘ಹೊಕೊ’ ಅಂತಾರೆ, ಆ ಪದದ ಅರ್ಥವೇ ಈಟಿ. ಹೊಕೊ ಅಲ್ಲದ ಚಿಕ್ಕವಕ್ಕೆ ‘ಯಾಮಾ’, ಅಂದ್ರೆ ಬೆಟ್ಟ. 17ಕ್ಕೆ 23, 24ಕ್ಕೆ 11, ಒಟ್ಟು 34 ಹೊರಡುತ್ತವೆ.

ಗಿಯೋನ್ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದ್ವಿ. ಶ್ರಾವಸ್ತಿಯಲ್ಲಿ ಬುದ್ಧ ಮಳೆಗಾಲ ಕಳೀತಿದ್ದ ಜೇತವನ ಇದೆಯಲ್ಲ, ಅದರ ಚೀನೀ ಹೆಸರನ್ನು ಜಪಾನೀ ಬಾಯಲ್ಲಿ ಚಿಕ್ಕದು ಮಾಡಿದ್ರೆ ಗಿಯೋನ್. ಯಾಸಾಕಾ ದೇಗುಲಕ್ಕೂ 1868ರವರೆಗೆ ಗಿಯೋನ್ ಅನ್ನೋದೇ ಹೆಸರು. ಇಂಗ್ಲಿಷ್ ಮೀಡಿಯಂನಲ್ಲಿ ಹನ್ನೆರಡು ವರ್ಷ ಹಿಸ್ಟರಿ ಓದಿದ ನಾವು ಜೇತವನದ ಹೆಸರನ್ನ ಮೊದಲು ಕೇಳಿದ್ದು ಕ್ಯೋಟೋದಲ್ಲಿ. ನಗಬೇಡಿ, ನಿಮ್ಮ ಕಥೆಯೂ ಅದೇ ಅಂತ ನಮಗೆ ಗೊತ್ತು.

ಈಗ 10ನೇ ತಾರೀಖಿನ ವಿಷಯ. ಅವತ್ತು ಲ್ಯಾಬ್‌ನಿಂದ ಬೇಗ ಬಿಟ್ಟರು. ಊಟಕ್ಕೆ ಏನಾದ್ರೂ ಅಗ್ಗದ್ದು ಹುಡುಕ್ಕೊಂಡು ಶಿಜೋ ಬೀದಿಗೆ ಬಂದ್ವಿ. ಕ್ಯೋಟೋದ ಮುಖ್ಯ ರಸ್ತೆ ಅದು, ಎರಡೂ ಕಡೆ ಬ್ಯಾಂಕು, ಡಿಪಾರ್ಟ್‌ಮೆಂಟ್ ಸ್ಟೋರು. ರಸ್ತೆ ಪಕ್ಕದಲ್ಲಿ ಮರದ ತೊಲೆಗಳ ರಾಶಿ, ಭತ್ತದ ಹುಲ್ಲಿನ ಹಗ್ಗದ ಸುರುಳಿಗಳು. ಏಳೆಂಟು ಜನ ಕೂತು, ನಿಂತು, ತೊಲೆಗೆ ತೊಲೆ ಸೇರಿಸಿ ಕಟ್ಟುತ್ತಿದ್ರು. ಯಾವುದೋ ಪೆಂಡಾಲ್ ಇರಬೇಕು ಅಂದ್ಕೊಂಡು ಮುಂದೆ ಹೋಗೋದ್ರಲ್ಲಿದ್ವಿ. ನಮ್ಮಲ್ಲಿ ಸಿವಿಲ್ ಓದೋ ಒಬ್ಬಳು ನಿಂತುಬಿಟ್ಟಳು. ‘ಮೊಳೆ ಎಲ್ಲಿ?’ ಅಂದಳು.

ಮೊಳೆ ಇಲ್ಲ. ಅದೇ ವಿಷಯ. ಹತ್ತಿರ ಹತ್ತಿರ 12 ಟನ್ ತೂಕ, ತುದಿಯವರೆಗೆ ಸುಮಾರು 25 ಮೀಟರ್ ಎತ್ತರ, ನಮ್ಮ ಎತ್ತರಕ್ಕಿಂತ ದೊಡ್ಡ ನಾಲ್ಕು ಚಕ್ರ. ಇಷ್ಟನ್ನು ಹಿಡಿದು ನಿಲ್ಲಿಸೋದು ಮರದ ಕಚ್ಚುಗಳು ಮತ್ತು ಹುಲ್ಲಿನ ಹಗ್ಗ. ಈ ಕಟ್ಟುವ ವಿದ್ಯೆಗೆ ‘ನವಾಗರಮಿ’ ಅಂತ ಹೆಸರು. ತೊಲೆಯ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸ್ತಾರೆ, ಆಮೇಲೆ ಮೂಲೆಗೆ ಹಗ್ಗ ಸುತ್ತುತ್ತಾ ಸುತ್ತುತ್ತಾ, ಮರದ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡ್ತಾ ಹೋಗ್ತಾರೆ. ಸುತ್ತು ಮುಗಿಯುವಾಗ ಅದು ಚಿಟ್ಟೆಯ ಆಕಾರಕ್ಕೆ ಬಂದು ನಿಲ್ಲುತ್ತೆ. ಆಮೇಲೆ ಬಟ್ಟೆ ಹೊದಿಸಿ ಮುಚ್ಚಿಬಿಡ್ತಾರೆ. 17ಕ್ಕೆ ಸೀಟಲ್ಲಿ ಕೂತವರಿಗೆ ಇದರಲ್ಲಿ ಬಹುಪಾಲು ಕಾಣೋದೇ ಇಲ್ಲ.

ಮೊದಲ ಸೆಮ್‌ನಲ್ಲಿ ಮೆಕ್ಯಾನಿಕ್ಸ್ ಪೇಪರಿಗೆ ನಾವೆಲ್ಲ ಜಾಯಿಂಟ್ ಅಂದ್ರೆ ಒಂದು ಚುಕ್ಕಿ ಹಾಕಿ ಬಂದವರು. ಪಿನ್ ಜಾಯಿಂಟು, ರಿಜಿಡ್ ಜಾಯಿಂಟು, ಮುಂದೆ ಲೆಕ್ಕ. ಇಲ್ಲಿ ಜಾಯಿಂಟ್ ಎರಡೂ ಅಲ್ಲ. ಚಕ್ರ ಉರುಳುವಾಗ ಇಡೀ ಹೊಕೊ ಕಿರ್ ಕಿರ್ ಅಂತ ಓಲಾಡುತ್ತೆ. ಹಗ್ಗ ಒಂಚೂರು ಬಿಟ್ಟುಕೊಟ್ಟು ಮತ್ತೆ ಹಿಡಿಯುತ್ತೆ. ಮೊಳೆ ಹೊಡೆದಿದ್ರೆ ಆ ಓಲಾಟಕ್ಕೆ ಮರ ಸೀಳಬಹುದಿತ್ತು. ಹಬ್ಬ ಮುಗಿದ ಮೇಲೆ ಹಗ್ಗ ಕಳಚಿದ್ರೆ ಮರಕ್ಕೆ ಒಂದು ಗಾಯವೂ ಇಲ್ಲ, ಮುಂದಿನ ವರ್ಷ ಮತ್ತೆ ಅದೇ ಮರ. ಡ್ಯಾಂಪಿಂಗ್ ಬಗ್ಗೆ ನಮಗೆ ಕ್ಲಾಸಲ್ಲಿ ಹತ್ತದೇ ಇದ್ದದ್ದು ಅಲ್ಲಿ ಫುಟ್‌ಪಾತ್ ಮೇಲೆ ಹತ್ತಿತು. ಕೈಲಿ ಕನ್ವೀನಿಯೆನ್ಸ್ ಸ್ಟೋರಿನ ಅನ್ನದ ಉಂಡೆ, ಕಣ್ಣು ಹಗ್ಗದ ಮೇಲೆ. ಎರಡು ಗಂಟೆ ನಿಂತಿದ್ವಿ. ಯಾರೂ ಓಡಿಸಲಿಲ್ಲ, ಯಾರೂ ಟಿಕೆಟ್ ಕೇಳಲಿಲ್ಲ.

ಮಾರನೇ ದಿನ ಲ್ಯಾಬ್‌ಗೆ ಲೇಟ್ ಆಯ್ತು, ಮೇಡಂ ಹತ್ರ ಬೈಸ್ಕೊಂಡ್ವಿ ಕೂಡ. ಆದ್ರೆ ಚೌಕಟ್ಟನ್ನು ನೆಲಕ್ಕೆ ಅಡ್ಡಡ್ಡ ಮಲಗಿಸಿ, ಅದಕ್ಕೆ ಆ ಉದ್ದದ ನಡುಗಂಬ ಸೇರಿಸಿ, ಎಲ್ಲಾ ಸೇರಿ ಹಗ್ಗದಲ್ಲಿ ಎಳೆದು ಒಟ್ಟಿಗೆ ಎಬ್ಬಿಸಿ ನಿಲ್ಲಿಸೋದನ್ನ ನೋಡಿದ್ವಿ. ನಿಂತ ಕೂಡಲೇ ಸುತ್ತ ಇದ್ದ ಆಫೀಸಿನವರು, ಸೈಕಲ್ ನಿಲ್ಲಿಸಿಕೊಂಡ ಅಮ್ಮಂದಿರು ಎಲ್ಲ ಚಪ್ಪಾಳೆ ಹೊಡೆದ್ರು. ಅಷ್ಟೇ. ಮೈಕ್ ಇಲ್ಲ, ಸ್ವಾಗತ ಭಾಷಣ ಇಲ್ಲ.

12ನೇ ತಾರೀಖು ಮಧ್ಯಾಹ್ನ ‘ಹಿಕಿಜೊಮೆ’. ಕಟ್ಟಿದ ಹೊಕೊ ಸರಿಯಾಗಿ ಉರುಳುತ್ತೋ ಇಲ್ವೋ ಅಂತ ಮೊದಲ ಸಲ ಎಳೆದು ನೋಡೋದು. ಎಳೆಯೋಕೆ ಯಾರು ಬೇಕಾದ್ರೂ ಬರಬಹುದು. ನರ್ಸರಿ ಮಕ್ಕಳು ಸಾಲಾಗಿ ಬರ್ತಾರೆ, ಅಜ್ಜಿಯರು ಬರ್ತಾರೆ, ನಮ್ಮಂಥವರೂ ಬರ್ತಾರೆ. ಅವತ್ತು ಐದು ಹೊಕೊಗಳಿಗೆ, 13ಕ್ಕೆ ಇನ್ನು ಮೂರಕ್ಕೆ. 24ರ ಮೆರವಣಿಗೆಯವಕ್ಕೆ 20ನೇ ತಾರೀಖು. ಕತ್ತಿಗೆ ಟವೆಲ್ ಸುತ್ತಿಕೊಂಡ ಒಬ್ಬ ಅಜ್ಜ ನಮ್ಮನ್ನ ನೋಡಿ ಹಗ್ಗದಲ್ಲಿ ಖಾಲಿ ಜಾಗ ತೋರಿಸಿದ್ರು. ಹಿಡಿದ್ವಿ. ಮುಂದೆ ಬೀಸಣಿಗೆ ಹಿಡಿದ ಇಬ್ಬರು ತೇರಿನ ಅಂಚಲ್ಲಿ ನಿಂತು ಕೂಗಿದ್ರು: ‘ಎನ್ಯಾರಾಯಾ!’ ನೂರಾರು ಕೈ ಒಟ್ಟಿಗೆ ಬಿಗಿಯಾಯ್ತು. ಮೊದಲ ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಹಗ್ಗದೊಳಗೆ ಒಂದು ಜೀವ ಬಂದ ಹಾಗೆ, ಹಿಂದೆ ಎಲ್ಲೋ ಮರ ನರಳಿದ ಹಾಗೆ, ಹೊಕೊ ಹೊರಟಿತು. ಊರ ಜಾತ್ರೆಯಲ್ಲಿ ತೇರು ಎಳೆದವರಿಗೆ ಆ ಎರಡು ಸೆಕೆಂಡ್ ಗೊತ್ತಿರುತ್ತೆ. ನಮ್ಮಲ್ಲಿ ಇಬ್ಬರಿಗೆ ಗೊತ್ತಿರಲಿಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದವರು, ಅಜ್ಜಿ ಊರಿನ ತೇರನ್ನ ಮಹಡಿ ಮೇಲಿಂದ ನೋಡಿದ್ದಷ್ಟೇ. ಜೀವಮಾನದ ಮೊದಲ ತೇರಿನ ಹಗ್ಗವನ್ನು ಕ್ಯೋಟೋದಲ್ಲಿ ಹಿಡಿಯೋ ಹಾಗಾಯ್ತು.

ಈ ಹೊಕೊಗೆ ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ. ಚಕ್ರದ ಬುಡಕ್ಕೆ ಮರದ ಬೆಣೆ ಕೊಟ್ಟು, ಸನ್ನೆಗೋಲು ಹಾಕಿ ದಾರಿ ಸರಿ ಮಾಡ್ತಾರೆ, ನಮ್ಮಲ್ಲಿ ಮಾಡೋ ಹಾಗೆಯೇ. ಆ ಕೆಲಸಕ್ಕೇ ಒಂದು ತಂಡ. ಹಗ್ಗ ಕಟ್ಟುವವರದ್ದು ಬೇರೆ, ಬಡಗಿಗಳದ್ದು ಬೇರೆ. ಮಾಡಿನ ಮೇಲೆ ಕೂರುವವರು ಬೇರೆ, ಕಟ್ಟಡಕ್ಕೋ ಕಂಬಕ್ಕೋ ತಾಗದ ಹಾಗೆ ಕಾಲಿಂದ ಒದ್ದು ದೂರ ಮಾಡೋದು ಅವರ ಪಾಲಿನ ಕೆಲಸ. ಇನ್ನೊಂದು ವಿಷಯ ಇಎಂಡ್‌ಸಿಯವರಿಗೆ: ಮೆರವಣಿಗೆ ದಾರಿಯ ಟ್ರಾಫಿಕ್ ಸಿಗ್ನಲ್‌ಗಳನ್ನು ಪಕ್ಕಕ್ಕೆ ತಿರುಗಿಸಿಡೋ ಹಾಗೆ ಮಾಡಿದ್ದಾರೆ. ತೇರಿಗೋಸ್ಕರ ಸಿಗ್ನಲ್ ದಾರಿ ಬಿಡುತ್ತೆ.

ಕಾಂಕೊ ಅನ್ನೋ ಹೊಕೊದ ಮುಂಭಾಗಕ್ಕೆ ಒಂದು ಪರದೆ ಕಟ್ತಾರೆ. ಅದು 16ನೇ ಶತಮಾನದಲ್ಲಿ ಯೂರೋಪಿನ ಫ್ಲಾಂಡರ್ಸ್‌ನಲ್ಲಿ ನೇಯ್ದ ಚಿತ್ರ, ಬೈಬಲ್ಲಿನ ರೆಬೆಕ್ಕ ನೀರು ಕೊಡುವ ದೃಶ್ಯ. ಇನ್ನು ಕೆಲವು ಹೊಕೊಗಳ ಮೇಲೆ ಭಾರತದಿಂದ ಹೋದ 17, 18ನೇ ಶತಮಾನದ ರತ್ನಗಂಬಳಿಗಳಿವೆ. ಅವುಗಳಲ್ಲಿ ಕೆಲವು ನಮ್ಮ ದಖ್ಖನ್ ಕಡೆ ನೇಯ್ದವು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಡಚ್ಚರ ಹಡಗಲ್ಲಿ ಹೋದವು. ನಮ್ಮ ಕಡೆಯ ನೇಕಾರ ಯಾರೋ ಹಾಕಿದ ಗಂಟು ಈಗಲೂ ಅಲ್ಲಿ ಬಿಸಿಲಿಗೆ ಮೈ ಒಡ್ಡಿ ನಿಂತಿದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಇದನ್ನೆಲ್ಲ ಬರೆಯೋಕೆ ಜಾಗ ಇರಲಿಲ್ಲ.

ಎಲ್ಲವೂ ಚೆಂದ ಅಂತ ಹೇಳ್ತಿಲ್ಲ. ಎಲ್ಲಕ್ಕಿಂತ ಮುಂದೆ ಹೋಗೋ ನಗಿನತಾ ಅನ್ನೋ ಹೊಕೊ ಮೇಲೆ ಹೆಂಗಸರು ಹತ್ತೋ ಹಾಗಿಲ್ಲ. ಕೆಲವು ಹೊಕೊಗಳು ಈ ನಿಯಮ ಬಿಟ್ಟಿವೆ, ಇದು ಬಿಟ್ಟಿಲ್ಲ. ನಾವು ನಾಲ್ವರಲ್ಲಿ ಇಬ್ಬರು ಹುಡುಗಿಯರು. ಅವತ್ತು ರಾತ್ರಿ ಡಾರ್ಮಿಟರಿಯಲ್ಲಿ ಒಂದು ದೊಡ್ಡ ಜಗಳವೇ ಆಯ್ತು. ‘ಸಂಪ್ರದಾಯ, ಹೊರಗಿನವರು ನಾವೇನು ಹೇಳೋದು’ ಅಂತ ಒಂದು ಕಡೆ. ‘ಮಧ್ಯಾಹ್ನ ಎಳೆಯೋಕೆ ನಮ್ಮ ಕೈ ಆಗುತ್ತೆ, ಹತ್ತೋಕೆ ಕಾಲು ಆಗಲ್ವಾ’ ಅಂತ ಇನ್ನೊಂದು ಕಡೆ. ಎರಡನೇ ಮಾತಿಗೆ ನಮ್ಮಲ್ಲಿ ಯಾರ ಹತ್ರವೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕೊನೆಗೆ ನಾಲ್ವರೂ ಎಲ್ಲರನ್ನೂ ಹತ್ತಿಸೋ ಕಾಂಕೊಗೆ ಹೋದ್ವಿ.

ಅಲ್ಲಿ ‘ಚಿಮಕಿ’ ಕೊಂಡ್ವಿ. ಬಿದಿರಿನ ಜಾತಿಯ ಎಲೆ ಸುತ್ತಿ ಕಟ್ಟಿದ್ದು, ನೋಡೋಕೆ ಥೇಟ್ ನಮ್ಮ ಎಲೆ ಕಡುಬು. ಹಸಿವು ಬೇರೆ. ನಮ್ಮಲ್ಲೊಬ್ಬ ಅಲ್ಲೇ ದಾರ ಬಿಚ್ಚಿ, ಎಲೆ ಸುಲಿದು, ಒಳಗೆ ಏನೂ ಇಲ್ಲದ್ದನ್ನ ನೋಡಿ ಮೋಸ ಆಯ್ತು ಅಂದ. ಎದುರಿನ ಬೀಸಣಿಗೆ ಅಂಗಡಿಯ ಅಜ್ಜಿ ನಗು ತಡೆಯೋಕಾಗದೆ ಹೊರಗೆ ಬಂದ್ರು. ಕ್ಯೋಟೋ ಬೆಟ್ಟಗಳ ನಡುವಿನ ಬಟ್ಟಲು, ಗಾಳಿ ಆಡಲ್ಲ. ಮಂಗಳೂರಿನ ಮೇ ತಿಂಗಳು ನೆನಪಿಸಿಕೊಳ್ಳಿ. ನಮ್ಮ ಮುಖ ನೋಡಿ ಒಳಗೆ ಕರೆದು ಕೂರಿಸಿ, ಬಾರ್ಲಿ ಹುರಿದು ಮಾಡೋ ತಣ್ಣನೆ ಟೀ ಕೊಟ್ಟರು. ಚಿಮಕಿ ತಿನ್ನೋದಲ್ಲ, ಬಾಗಿಲಿಗೆ ಕಟ್ಟೋದು ಅಂತ ಫೋನಿನ ಟ್ರಾನ್ಸ್‌ಲೇಟರ್ ಹಿಡಿದು ವಿವರಿಸಿದ್ರು.

ಅದರ ಕಥೆ ಹೀಗೆ. ದೇವರು ಪ್ರಯಾಣಿಕನ ವೇಷದಲ್ಲಿ ಬಂದು ರಾತ್ರಿ ಉಳಿಯೋಕೆ ಜಾಗ ಕೇಳ್ತಾನೆ. ಶ್ರೀಮಂತ ಇಲ್ಲ ಅಂತಾನೆ. ಸೋಮಿನ್ ಶೋರಾಯ್ ಅನ್ನೋ ಬಡವ ಮನೆಯಲ್ಲಿದ್ದದ್ದನ್ನೇ ಬಡಿಸಿ ಮಲಗಿಸ್ತಾನೆ. ರೋಗ ಬಂದಾಗ ಸೋಮಿನ್ ವಂಶದವರು ಉಳೀತಾರೆ. ಚಿಮಕಿಯ ಮೇಲಿನ ಚೀಟಿಯಲ್ಲಿ ‘ನಾವು ಸೋಮಿನ್ ಶೋರಾಯ್ ವಂಶದವರು’ ಅಂತ ಬರೆದಿರುತ್ತೆ. ಅಂದ್ರೆ ದಾರಿಹೋಕನಿಗೆ ಜಾಗ ಕೊಟ್ಟವರ ಹಬ್ಬ ಇದು. ಹಬ್ಬಕ್ಕೆ ಬರೋ ಟೂರಿಸ್ಟ್‌ಗಳ ಕಾಟದ ಬಗ್ಗೆ ಅಲ್ಲಿನವರು ಗೊಣಗುವಾಗ ಈ ಕಥೆ ನೆನಪಾಗುತ್ತೋ ಏನೋ.

ಗೊಣಗೋಕೆ ಕಾರಣ ಇದೆ, ಅದರಲ್ಲಿ ನಮ್ಮ ಪಾಲೂ ಇದೆ. 14ರಿಂದ 16ರವರೆಗೆ ಸಂಜೆ ಹೊಕೊಗಳಿಗೆ ಲಾಟೀನು ಗೊಂಚಲು ಹಚ್ಚಿ, ಮೇಲೆ ಕೂತವರು ಗಂಟೆ ಬಾರಿಸ್ತಾರೆ. ಆ ನಾದವನ್ನ ಅಲ್ಲಿನವರು ‘ಕೊನ್ ಚಿಕಿ ಚಿನ್’ ಅಂತ ಬಾಯಲ್ಲಿ ಹೇಳ್ತಾರೆ. ರೀಲ್ಸ್‌ನಲ್ಲಿ ನೀವು ನೋಡಿರೋದು ಇದನ್ನೇ. 16ರ ರಾತ್ರಿ ಶಿಜೋದಲ್ಲಿ ನಾವು ನಡೀಲಿಲ್ಲ, ಜನ ನಮ್ಮನ್ನ ತಳ್ಳಿಕೊಂಡು ಹೋದ್ರು. ಓಣಿಗಳಲ್ಲಿ ಹಳೇ ಮನೆಗಳವರು ವಂಶದ ಚಿತ್ರದ ಪರದೆಗಳನ್ನು ಬೀದಿಗೆ ಕಾಣೋ ಹಾಗೆ ಇಟ್ಟಿರ್ತಾರೆ. ಅಂಥ ಒಂದು ಮನೆ ಮುಂದೆ ನಾಲ್ವರೂ ನಿಂತು ಸೆಲ್ಫಿ ತಗೊಂಡ್ವಿ. ಒಂದಲ್ಲ, ಹತ್ತು ಹನ್ನೆರಡು. ಒಳಗಿಂದ ವಯಸ್ಸಾದವರೊಬ್ಬರು ಬಂದು, ಬೈಯಲಿಲ್ಲ, ತಲೆ ಬಾಗಿಸಿ ಪಕ್ಕದ ಬೋರ್ಡ್ ತೋರಿಸಿದ್ರು. ಫೋಟೋ ತೆಗೆಯಬೇಡಿ ಅಂತ ಇಂಗ್ಲಿಷಿನಲ್ಲೇ ಇತ್ತು. ಇಂಗ್ಲಿಷ್ ಮೀಡಿಯಂನವರು ನಾವು. ನಮ್ಮ ಹಿಂದೆ ಇಪ್ಪತ್ತು ಜನ ಕಾಯ್ತಾ ನಿಂತಿದ್ರು. ಬೈದಿದ್ರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಗಿಯೋನ್ ಬಡಾವಣೆಯ ಖಾಸಗಿ ಓಣಿಗಳಲ್ಲಿ 10,000 ಯೆನ್ ದಂಡದ ಬೋರ್ಡ್ ಯಾಕೆ ಬಂತು ಅಂತ ಆಗ ಅರ್ಥ ಆಯ್ತು.

ಇನ್ನು 17. ಬೆಳಿಗ್ಗೆಯೇ ಹೋಗಿ ಮೂಲೆ ಹಿಡಿದ್ವಿ. ಚೌಕದಲ್ಲಿ ಹೊಕೊ ತಿರುಗಿಸೋದು ನಿಜಕ್ಕೂ ನೋಡಬೇಕಾದ್ದೇ: ಚಕ್ರದ ಕೆಳಗೆ ಸೀಳಿದ ಬಿದಿರು ಹಾಸಿ, ನೀರು ಹಾಕಿ, ಪಕ್ಕದಿಂದ ಎಳೆದು ಜಾರಿಸ್ತಾರೆ. ಒಂದು ಎಳೆತಕ್ಕೆ ಪೂರ್ತಿ ತಿರುಗಲ್ಲ, ಎರಡು ಮೂರು ಸಲ ಬೇಕು. ಫ್ರಿಕ್ಷನ್ ಚಾಪ್ಟರ್ ಅಲ್ಲಿಗೆ ಮುಗೀತು. ಆದ್ರೆ ನಮಗೆ ಕಂಡದ್ದು ಮುಕ್ಕಾಲು ಪಾಲು ಮುಂದಿನವರ ಫೋನ್ ಸ್ಕ್ರೀನಿನಲ್ಲಿ. ದುಡ್ಡು ಕೊಟ್ಟರೆ ಕುರ್ಚಿ ಸಿಗುತ್ತೆ. 2023ರಲ್ಲಿ ವಿಶೇಷ ಸೀಟು ಅಂತ ಒಂದಕ್ಕೆ 4 ಲಕ್ಷ ಯೆನ್ ಇಟ್ಟಿದ್ರು, ನಮ್ಮ ದುಡ್ಡಲ್ಲಿ ಎರಡು ಲಕ್ಷಕ್ಕೂ ಮೇಲೆ. ಮುಂದಿನ ವರ್ಷ ಬೆಲೆ ಇಳೀತು, ಆದ್ರೆ ಅಂಥ ಸೀಟಲ್ಲಿ ಮದ್ಯ ಕೊಡೋದಕ್ಕೆ ಯಾಸಾಕಾ ದೇಗುಲದ ಮುಖ್ಯ ಅರ್ಚಕರೇ ಬಹಿರಂಗವಾಗಿ ಆಕ್ಷೇಪ ಎತ್ತಿದ್ರು. ಹಬ್ಬ ದೇವರದ್ದು, ಷೋ ಅಲ್ಲ ಅನ್ನೋದು ಅವರ ವಾದ.

ನಾವು ಅರ್ಚಕರ ಕಡೆ. ಹಾಗಂತ ಇನ್ನೊಂದು ಕಡೆಯದ್ದನ್ನೂ ಹೇಳಬೇಕು. ಇಷ್ಟು ದೊಡ್ಡ ಹಬ್ಬಕ್ಕೆ ಕಾವಲು, ಬ್ಯಾರಿಕೇಡ್, ರಿಪೇರಿ ಎಲ್ಲದಕ್ಕೂ ಖರ್ಚಿದೆ. ದುಡ್ಡು ಎಲ್ಲಿಂದಲೋ ಬರಬೇಕು. ಹೊಕೊ ಇರೋ ಬೀದಿಗಳಲ್ಲಿ ಈಗ ಅಪಾರ್ಟ್‌ಮೆಂಟು, ಆಫೀಸುಗಳೇ ಜಾಸ್ತಿ. ಎಳೆಯೋಕೆ ಹೊರಗಿನ ವಾಲಂಟಿಯರ್‌ಗಳು, ಕಾಲೇಜು ಹುಡುಗರು ಬೇಕು. ಹೊರಗಿನವರು ಬೇಡ ಅನ್ನೋ ಸ್ಥಿತಿಯಲ್ಲಿ ಹಬ್ಬ ಇಲ್ಲ. ನಮ್ಮ ತಕರಾರು ಇರೋದು ಕುರ್ಚಿಯ ಬಗ್ಗೆ. ಹೊರಗಿನವನಿಗೆ ಕುರ್ಚಿ ಕೊಡಬಹುದು, ಹಗ್ಗವನ್ನೂ ಕೊಡಬಹುದು. ಹಗ್ಗ ಪುಕ್ಕಟೆ ಸಿಗ್ತಿರುವಾಗ ನಾವೆಲ್ಲ ಯಾಕೆ ಕುರ್ಚಿಗೆ ಮುಗಿಬೀಳ್ತೀವಿ?

ಒಂದು ವಿಷಯ ನಮ್ಮ ವಾದಕ್ಕೆ ಸಾಕ್ಷಿ. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಮೆರವಣಿಗೆ ನಡೀಲಿಲ್ಲ. ರೋಗ ಓಡಿಸೋ ಹಬ್ಬವನ್ನ ರೋಗವೇ ನಿಲ್ಲಿಸ್ತು. ಆದ್ರೂ 2021ರಲ್ಲಿ ಹಲವು ಹೊಕೊ, ಯಾಮಾಗಳನ್ನು ಕಟ್ಟಿದ್ರು. ಹೊರಡೋದಿಲ್ಲ ಅಂತ ಗೊತ್ತಿದ್ದೇ ಕಟ್ಟಿದ್ರು. ಎರಡು ವರ್ಷ ಬಿಟ್ಟರೆ ಕೈ ಮರೆಯುತ್ತೆ ಅನ್ನೋ ಭಯ. 1826ರಲ್ಲಿ ಬಿರುಗಾಳಿ ಮಳೆಗೆ ಹಾಳಾದ ‘ತಾಕಾಯಾಮಾ’ ಮತ್ತೆ ಮೆರವಣಿಗೆಗೆ ಬಂದಿದ್ದು 2022ರಲ್ಲಿ, 196 ವರ್ಷದ ಮೇಲೆ. ನಿಂತದ್ದನ್ನ ಮತ್ತೆ ಶುರು ಮಾಡೋದು ಎಷ್ಟು ಕಷ್ಟ ಅಂತ ಆ ಊರಿಗೆ ಗೊತ್ತು.

17ರ ಮಧ್ಯಾಹ್ನ ಬಹಳಷ್ಟು ಟೂರಿಸ್ಟ್‌ಗಳು ಸ್ಟೇಷನ್ ಕಡೆ ಹೊರಟರು. ನಾವು ಹಿಂದೆ ಉಳಿದ್ವಿ. ಮೆರವಣಿಗೆಯಿಂದ ವಾಪಸ್ ಬಂದ ಹೊಕೊಗಳನ್ನು ತಡ ಮಾಡದೆ ಬಿಚ್ಚೋಕೆ ಶುರು ಮಾಡ್ತಾರೆ. ಊರಿನ ಕೆಡುಕನ್ನೆಲ್ಲ ಅದು ಮೈಮೇಲೆ ಎಳೆದುಕೊಂಡು ಬಂದಿರುತ್ತಂತೆ, ಹಾಗೇ ಇಡಬಾರದು. ಚಿಟ್ಟೆ ಆಕಾರದ ಆ ಗಂಟುಗಳು ಸರಸರ ಬಿದ್ದವು. ಸಂಜೆ ಮೂರು ಪಲ್ಲಕ್ಕಿಗಳಲ್ಲಿ ದೇವರು ದೇಗುಲದಿಂದ ಹೊರಟು ಶಿಜೋ ಬೀದಿಯ ತಂಗುದಾಣಕ್ಕೆ ಬಂತು, ಹೊತ್ತವರ ಕೂಗು, ಬೆವರು, ನೂಕಾಟ. ಬೆಳಗಿನ ಮೆರವಣಿಗೆ ಈ ದೇವರು ಬರೋ ದಾರಿ ಶುದ್ಧ ಮಾಡೋಕೆ ಅಂತ ನಮಗೆ ಆಗ ಗೊತ್ತಾಯ್ತು. ನಾವು ಕಸ ಗುಡಿಸೋದನ್ನ ನೋಡೋಕೆ ಬೆಳಿಗ್ಗೆಯಿಂದ ಕಾದು ನಿಂತಿದ್ವಿ ಅಂತ ಒಬ್ಬ ತಮಾಷೆ ಮಾಡಿದ.

ಬೇಸಿಗೆಯಲ್ಲಿ ಕ್ಯೋಟೋದಲ್ಲಿ ಬೇರೆಯೂ ಇದೆ. ಜುಲೈ ಕೊನೆಗೆ ಶಿಮೊಗಾಮೊ ದೇಗುಲದ ತಣ್ಣನೆ ನೀರಲ್ಲಿ ಮೊಣಕಾಲುದ್ದ ಇಳಿದು ಮೇಣದಬತ್ತಿ ಹಚ್ಚೋದು, ಆಗಸ್ಟ್ 16ರ ರಾತ್ರಿ ಎಂಟಕ್ಕೆ ಐದು ಬೆಟ್ಟಗಳ ಮೇಲೆ ಒಂದಾದ ಮೇಲೊಂದು ಬೆಂಕಿ ಹಚ್ಚಿ ಪಿತೃಗಳನ್ನ ಕಳಿಸಿಕೊಡೋದು. ಅವೆರಡೂ ನಮಗೆ ಸಿಗಲಿಲ್ಲ, 21ಕ್ಕೇ ವಾಪಸ್. ಕಾಮೊ ನದಿ ದಂಡೆ ಮೇಲಿನ ಅಟ್ಟಣಿಗೆ ಊಟ ಕೆಳಗಿಂದ ನೋಡಿದ್ರೆ ಸಾಕು, ರೇಟು ನಮ್ಮಂಥವರಿಗಲ್ಲ. ದಂಡೆಯಲ್ಲಿ ಪುಕ್ಕಟೆ ಕೂರಬಹುದು.

ವಾಪಸ್ ಬಂದ ಮೇಲೆ ನವೆಂಬರಿನಲ್ಲಿ ನಮ್ಮದೇ ರಾಜ್ಯೋತ್ಸವ ಬಂತು. ಸ್ಟೇಜ್ ಹಾಕೋಕೆ ಎಂದಿನಂತೆ ಹೊರಗಿನವರಿಗೆ ಕೊಟ್ಟಿದ್ವಿ. ಲಾರಿ ಬಂತು, ಕಬ್ಬಿಣದ ಪೈಪ್ ಇಳೀತು, ಮೂರು ಗಂಟೆಯಲ್ಲಿ ಸ್ಟೇಜ್ ರೆಡಿ. ಕಟ್ಟಿದವರ ಹೆಸರು ಕೇಳಲಿಲ್ಲ, ಊಟ ಮಾಡಿದ್ರಾ ಅಂತಾನೂ ಕೇಳಲಿಲ್ಲ. ಮುಂದಿನ ಸಾಲಿನ ಕುರ್ಚಿಗೆ ಯಾರ ಹೆಸರಿನ ಚೀಟಿ ಅಂಟಿಸೋದು ಅನ್ನೋದೇ ಕಮಿಟಿಯಲ್ಲಿ ಎರಡು ದಿನದ ಚರ್ಚೆ. ಈ ಸಲ ಬ್ಯಾಕ್‌ಡ್ರಾಪ್ ಚೌಕಟ್ಟನ್ನಾದ್ರೂ ನಾವೇ ಕಟ್ಟೋಣ ಅಂತ ಸಂಘದಲ್ಲಿ ಹೇಳಿದ್ದೇವೆ. ಒಪ್ಪಿಗೆ ಇನ್ನೂ ಬಂದಿಲ್ಲ. ಸಿವಿಲ್‌ನವಳು ಹಗ್ಗ ತಂದು ಹಾಸ್ಟೆಲ್ ಮಂಚದ ಕಾಲಿಗೆ ಕಟ್ಟಿ ಅಭ್ಯಾಸ ಮಾಡ್ತಿದ್ದಾಳೆ. ಚಿಟ್ಟೆ ಇನ್ನೂ ಹಾರ್ತಿಲ್ಲ.

ಹೋಗುವವರಿಗೆ ಕೊನೆಯದಾಗಿ ಒಂದು ಕೆಲಸ. ಬಿಚ್ಚಿ ಹಾಳು ಮಾಡಿದ ಆ ಚಿಮಕಿಯನ್ನ ಹೊಲಿಗೆ ದಾರದಲ್ಲಿ ಮತ್ತೆ ಕಟ್ಟಿ ರೂಮಿನ ಬಾಗಿಲ ಮೇಲೆ ತೂಗುಹಾಕಿದ್ದೇವೆ. ವರ್ಷ ಆದ ಮೇಲೆ ಹಳೇದನ್ನ ವಾಪಸ್ ಕೊಟ್ಟು ಹೊಸದು ತರಬೇಕು ಅಂತ ಅಜ್ಜಿ ಹೇಳಿದ್ರು. ಜೂನ್ ಕೊನೆಯೊಳಗೆ ಬಂದು ಅದನ್ನ ತಗೊಂಡು ಹೋಗಿ. ಕಾಂಕೊ ಹೊಕೊ ಎದುರಿನ ಬೀಸಣಿಗೆ ಅಂಗಡಿ. ಅಜ್ಜಿಗೆ ಕೊಡೋಕೆ ಒಂದು ಡಬ್ಬ ಮೈಸೂರ್‌ಪಾಕ್ ನಾವೇ ಕೊಡ್ತೀವಿ.